ಸರಾಸರಿ ಒಬ್ಬರದು, ಪಾಲು ಹಲವರದು

ಅನಿಲ್ ಕುಂಬ್ಳೆ ತವರಿನ 63 ಟೆಸ್ಟ್‌ಗಳಲ್ಲಿ 350 ವಿಕೆಟ್ ಪಡೆದರು, ಸರಾಸರಿ 24.88. ಹೊರದೇಶಗಳಲ್ಲಿ ಆಡಿದ 69 ಟೆಸ್ಟ್‌ಗಳಲ್ಲಿ ದಕ್ಕಿದ್ದು 269, ಸರಾಸರಿ 35.85. ಇಂಥ ಅಂತರ ಕಂಡ ಕೂಡಲೇ ‘ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ’ ಎಂದು ತೀರ್ಪು ಕೊಟ್ಟುಬಿಡುವುದು ನಮ್ಮ ಕ್ರಿಕೆಟ್ ಚರ್ಚೆಗೆ ಅಂಟಿದ ಹಳೆಯ ಚಾಳಿ. ಅಂಕಿಗಳು ಸುಳ್ಳು ಹೇಳುತ್ತಿಲ್ಲ. ಆದರೆ ಆ 35.85 ಕುಂಬ್ಳೆ ಒಬ್ಬರದೇ ಲೆಕ್ಕ ಎಂದುಕೊಂಡರೆ ನಾವು ಆಟವನ್ನೇ ತಪ್ಪಾಗಿ ಓದಿದಂತೆ.

ಕುಂಬ್ಳೆ ಚೆಂಡನ್ನು ಗಿರ್‍ರನೆ ತಿರುಗಿಸಿದವರಲ್ಲ. ಎತ್ತರ, ವೇಗ, ಕರಾರುವಾಕ್ಕಾದ ಲೈನ್ ಅವರ ಬಂಡವಾಳ. ಸವೆದ ಭಾರತದ ಪಿಚ್‌ನಲ್ಲಿ ಒಂದು ಎಸೆತ ಏಳದೆ ನುಗ್ಗಿ ಪ್ಯಾಡಿಗೆ ಬಡಿಯುತ್ತಿತ್ತು, ಅದೇ ಜಾಗಕ್ಕೆ ಬಿದ್ದ ಮುಂದಿನದು ಪುಟಿದು ಗ್ಲವ್ಸ್ ಸವರುತ್ತಿತ್ತು. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಕುಂಬ್ಳೆ 74 ರನ್ ಕೊಟ್ಟು ಕಿತ್ತಿದ್ದು ಪುಟಿತದ ಈ ಅನುಮಾನದ ನಡುವೆಯೇ. ಆಸ್ಟ್ರೇಲಿಯಾದಲ್ಲಿ ಚೆಂಡು ಒಂದೇ ಹದದಲ್ಲಿ ಪುಟಿಯುತ್ತದೆ, ಬ್ಯಾಟರ್ ಹಿಂದೆ ಸರಿದು ನಿಧಾನವಾಗಿ ನೋಡಿ ಆಡಬಹುದು. ಹೀಗಾಗಿ 2003-04ರ ಪ್ರವಾಸದಲ್ಲಿ ಕುಂಬ್ಳೆ ವೇಗ ತಗ್ಗಿಸಿದರು, ಗೂಗ್ಲಿಯನ್ನು ಹೆಚ್ಚು ನೆಚ್ಚಿಕೊಂಡರು. ಮೂರೇ ಟೆಸ್ಟ್‌ಗಳಲ್ಲಿ 24 ವಿಕೆಟ್ ಬಂದವು.

ಆದರೆ ಬದಲಾಗಿದ್ದು ಅವರ ಬೌಲಿಂಗ್ ಮಾತ್ರವೇ? 1990ರ ದಶಕದಲ್ಲಿ ಭಾರತ ವಿದೇಶದಲ್ಲಿ ಗೆದ್ದಿದ್ದು ಒಂದೇ ಒಂದು ಟೆಸ್ಟ್, 1993ರಲ್ಲಿ ಕೊಲಂಬೊದಲ್ಲಿ. ಬ್ಯಾಟಿಂಗ್ ಅಲ್ಪಕ್ಕೆ ಕುಸಿದಾಗ ಸ್ಪಿನ್ನರ್ ಪಾಲಿಗೆ ಬರುವುದು ರನ್ ತಡೆಯುವ ಕೆಲಸ. ಎದುರಾಳಿಗೆ ಅವಸರವಿಲ್ಲ, ಬ್ಯಾಟರ್ ಸುತ್ತ ಕ್ಯಾಚಿಗೆ ನಿಲ್ಲಿಸಲು ನಾಯಕನ ಬಳಿ ಫೀಲ್ಡರ್‌ಗಳಿಲ್ಲ, ಪಿಚ್ ಸವೆಯುವ ಹೊತ್ತಿಗೆ ಪಂದ್ಯವೇ ಮುಗಿದಿರುತ್ತದೆ. ಕುಂಬ್ಳೆ ವಿದೇಶದಲ್ಲಿ ಮಿಂಚತೊಡಗಿದ ವರ್ಷಗಳನ್ನು ಗಮನಿಸಿ. 2002ರ ಹೆಡಿಂಗ್ಲೆಯಲ್ಲಿ ಭಾರತ 8ಕ್ಕೆ 628 ರನ್ ಗಳಿಸಿತು, ಕುಂಬ್ಳೆಗೆ ಏಳು ವಿಕೆಟ್. 2004ರ ಸಿಡ್ನಿಯಲ್ಲಿ 7ಕ್ಕೆ 705, ಹನ್ನೆರಡು ವಿಕೆಟ್. ಅದೇ ವರ್ಷ ಮುಲ್ತಾನ್‌ನಲ್ಲಿ 5ಕ್ಕೆ 675, ಎರಡನೇ ಇನಿಂಗ್ಸ್‌ನಲ್ಲಿ 72 ರನ್‌ಗೆ ಆರು ವಿಕೆಟ್.

ಆ ರನ್ ರಾಶಿಯ ಹಿಂದೆ ಸೆಹ್ವಾಗ್, ಸಚಿನ್, ಲಕ್ಷ್ಮಣ್, ಗಂಗೂಲಿ ಇದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಕುಂಬ್ಳೆಯವರ ಜೊತೆ ಕರ್ನಾಟಕ ತಂಡದಲ್ಲಿ ಆಡಿ ಬೆಳೆದ ರಾಹುಲ್ ದ್ರಾವಿಡ್ ಇದ್ದರು. ತವರಿನಲ್ಲಿ ದ್ರಾವಿಡ್ ಸರಾಸರಿ 51.35, ಹೊರಗೆ 53.03. ಹೆಡಿಂಗ್ಲೆಯ ತೇವದ ಪಿಚ್ಚಿನಲ್ಲಿ ಆಫ್ ಸ್ಟಂಪ್ ಆಚೆಯ ಚೆಂಡುಗಳನ್ನು ಬಿಡುತ್ತಾ, ಆಡಲೇಬೇಕಾದದ್ದನ್ನು ಕಣ್ಣ ಕೆಳಗೆ, ಮೆದು ಕೈಯಲ್ಲಿ ತಡೆಯುತ್ತಾ ಗಳಿಸಿದ 148 ರನ್ ಅವರ ಖಾತೆಯಲ್ಲಿದೆ. ಅದು ಕುಂಬ್ಳೆಗೆ ಕೊಟ್ಟ ಬಿಡುವು, ಬಲ ಯಾವ ಖಾತೆಯಲ್ಲೂ ಇಲ್ಲ. 2006ರಲ್ಲಿ ಕಿಂಗ್‌ಸ್ಟನ್‌ನ ಹದಗೆಟ್ಟ ಪಿಚ್‌ನಲ್ಲಿ ದ್ರಾವಿಡ್ 81 ಮತ್ತು 68 ಗಳಿಸಿದರು. ಕೊನೆಯ ಇನಿಂಗ್ಸ್‌ನಲ್ಲಿ ಕುಂಬ್ಳೆ ಆರು ವಿಕೆಟ್ ಕಿತ್ತರು. ಈ ಎರಡನ್ನೂ ಬಿಡಿಸಿ ನೋಡಲು ನನಗಂತೂ ಆಗದು.

ಸಿಕ್ಕ ಅವಕಾಶವೂ ಲೆಕ್ಕಕ್ಕೆ ಬರಬೇಕು. ಸ್ಪಿನ್ನರ್ ರವಿಚಂದ್ರನ್ ಅಶ್ವಿನ್ ಅವರ 537 ವಿಕೆಟ್‌ಗಳಲ್ಲಿ 383 ತವರಿನವು ಎಂದು ಬೆರಳು ತೋರುವವರು, 2021ರ ಇಂಗ್ಲೆಂಡ್ ಪ್ರವಾಸದ ನಾಲ್ಕೂ ಟೆಸ್ಟ್‌ಗಳಲ್ಲಿ ಅವರನ್ನು ಹೊರಗೆ ಕೂರಿಸಿದ್ದನ್ನೂ ಜೊತೆಗೇ ಹೇಳಬೇಕು.

ಇನ್ನು ‘ತವರು’ ಅನ್ನುವುದಾದರೂ ಸ್ಥಿರವೇ? 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೆಸ್ಟ್‌ನ ಮೊದಲ ದಿನ ಮಳೆಗೆ ಕೊಚ್ಚಿಹೋಯಿತು. ಮರುದಿನ ಮೋಡದ ಕೆಳಗೆ, ಹೊದಿಕೆಯಡಿ ಬೆವೆತಿದ್ದ ಪಿಚ್‌ನಲ್ಲಿ ಟಾಸ್ ಗೆದ್ದು ಬ್ಯಾಟ್ ಮಾಡಿದ ಭಾರತ ನ್ಯೂಜಿಲೆಂಡ್ ಎದುರು 46ಕ್ಕೆ ಆಲೌಟ್. ಮ್ಯಾಟ್ ಹೆನ್ರಿಗೆ 15 ರನ್‌ಗೆ ಐದು ವಿಕೆಟ್. ಅದೇ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ ಭಾರತ 462 ರನ್ ಗಳಿಸಿತು. ದಾಖಲೆಯಲ್ಲಿ ಎರಡೂ ತವರಿನ ಇನಿಂಗ್ಸ್‌ಗಳೇ. ಮುಂದೆ ಪುಣೆ, ಮುಂಬೈಗಳಲ್ಲಿ ನಾವೇ ಬಯಸಿ ಪಡೆದ ತಿರುವಿನ ಪಿಚ್‌ಗಳಲ್ಲಿ ಸ್ಯಾಂಟ್ನರ್, ಎಜಾಜ್ ಪಟೇಲ್ ನಮ್ಮನ್ನೇ ಕಟ್ಟಿಹಾಕಿದರು. 2025ರ ನವೆಂಬರ್‌ನಲ್ಲಿ ಕೋಲ್ಕತ್ತದಲ್ಲಿ 124 ರನ್ ಬೆನ್ನಟ್ಟಿ 93ಕ್ಕೆ ಕುಸಿದೆವು. ಇಂಥ ಪಿಚ್‌ಗಳು ನಮ್ಮ ಬ್ಯಾಟರ್‌ಗಳ ತವರಿನ ಸರಾಸರಿಯನ್ನು ತಿಂದುಹಾಕುತ್ತವೆ. ಆಮೇಲೆ ಅದೇ ಸರಾಸರಿ ಮುಂದಿಟ್ಟುಕೊಂಡು ಅವರ ಮೇಲೆ ತೀರ್ಪು ಹೊರಬೀಳುತ್ತದೆ.

ಹೊರದೇಶದ ಹವೆ, ಪಿಚ್ ಮತ್ತು ಚೆಂಡಿಗೆ ಹೊಂದಿಕೊಳ್ಳುವುದು ದೈವದತ್ತ ಗುಣವೇನಲ್ಲ, ಸಮಯ ಬೇಡುವ ಕೆಲಸ. ಇಲ್ಲಿ ಎಸ್‌ಜಿ ಚೆಂಡಿನಲ್ಲಿ ಆಡಿದವರಿಗೆ ಇಂಗ್ಲೆಂಡಿನ ಡ್ಯೂಕ್ಸ್, ಆಸ್ಟ್ರೇಲಿಯಾದ ಕೂಕಬುರಾ ಬೇರೆಯದೇ ಪಾಠ. ಆದರೆ ಸ್ಥಳೀಯ ತಂಡಗಳ ವಿರುದ್ಧದ ಅಭ್ಯಾಸ ಪಂದ್ಯಗಳನ್ನು ವೇಳಾಪಟ್ಟಿಯಿಂದ ಒಂದೊಂದಾಗಿ ಕಿತ್ತುಹಾಕಿದ್ದೇವೆ. ಕೆ.ಎಲ್. ರಾಹುಲ್ 2025ರ ಜೂನ್‌ನಲ್ಲಿ ಸರಣಿಗೆ ಮುನ್ನವೇ ಇಂಗ್ಲೆಂಡಿಗೆ ಹೋಗಿ, ಭಾರತ ‘ಎ’ ಪರವಾಗಿ ನಾರ್ಥಾಂಪ್ಟನ್‌ನಲ್ಲಿ 116 ರನ್ ಹೊಡೆದರು. ಲೀಡ್ಸ್‌ನ ಮೊದಲ ಟೆಸ್ಟ್‌ನಲ್ಲೇ 137, ಸರಣಿಯಲ್ಲಿ ಒಟ್ಟು 532 ರನ್. ಒಂದು ಅಭ್ಯಾಸ ಪಂದ್ಯವೇ ಇದನ್ನೆಲ್ಲ ಕೊಟ್ಟಿತು ಎನ್ನಲಾಗದು, ಹತ್ತು ವರ್ಷಗಳಿಗೂ ಹೆಚ್ಚಿನ ಅನುಭವವೂ ಅವರ ಬೆನ್ನಿಗಿತ್ತು. ಆದರೆ ಮೊದಲ ಬಾರಿ ವಿದೇಶಕ್ಕೆ ಹೊರಟ ಹುಡುಗನಿಗೆ ಆ ಅನುಭವವೂ ಇರುವುದಿಲ್ಲ. ಅವನ ಹೊರಗಿನ ಸರಾಸರಿ ಕೇಳುವ ಮೊದಲು ಅವನಿಗೆ ಅಲ್ಲಿ ಎರಡು ಅಭ್ಯಾಸ ಪಂದ್ಯಗಳನ್ನಾದರೂ ಕ್ರಿಕೆಟ್ ಮಂಡಳಿ ಕೊಡಿಸಲಿ.