ಉತ್ತರದ ಬೆಳಕಿಗಾಗಿ ಕಾಲ್ನಡಿಗೆ

ತೀರ್ಥಯಾತ್ರೆಗೆ ಹೊರಟವರಿಗೆ ದೇವರ ದರ್ಶನವು ನಿಶ್ಚಯ. ಬಾಗಿಲು ಮುಚ್ಚಿದ್ದರೆ ಒಂದು ಜಾವ ಕಾದರಾಯಿತು. ಉತ್ತರಧ್ರುವಪ್ರಭೆಯನ್ನು ಅರಸಿ ಹೊರಟವರಿಗೆ ಅಂಥ ಭರವಸೆಯಿಲ್ಲ. ಇದನ್ನು ಅರಿತೇ ನಾವು 2024ರ ಸೆಪ್ಟೆಂಬರಿನಲ್ಲಿ ಮನೆಯವರೊಡನೆ ಸ್ವೀಡನ್ ದೇಶಕ್ಕೆ ಹೋದೆವು. ಅವರ ಇರುಳುದೃಷ್ಟಿಯು ವರ್ಷದಿಂದ ವರ್ಷಕ್ಕೆ ಕುಂದುತ್ತಿದೆ. ಕತ್ತಲಲ್ಲಿ ನೋಡತಕ್ಕದ್ದೇನಾದರೂ ಇದ್ದರೆ ತಡಮಾಡಬಾರದೆಂದು ವೈದ್ಯರು ಹೇಳಿದ್ದರು. ಬಾಲ್ಯದಲ್ಲಿ ಪಾಠದ ಪುಸ್ತಕದಲ್ಲಿ ಕಂಡ ಆ ಬೆಳಕಿನ ಚಿತ್ರವನ್ನು ಅವರು ಮರೆತಿರಲಿಲ್ಲ.

ಸೂರ್ಯನಿಂದ ಹೊರಟ ವಿದ್ಯುತ್ಕಣಗಳು ಭೂಮಿಯ ಅಯಸ್ಕಾಂತಶಕ್ತಿಗೆ ಒಳಗಾಗಿ ಧ್ರುವಗಳ ಸುತ್ತಣ ಆಕಾಶಕ್ಕೆ ಬಂದು ಮೇಲಣ ವಾಯುವನ್ನು ತಾಕಿದಾಗ ಈ ಪ್ರಭೆಯು ಹುಟ್ಟುವುದು. ಸುಮಾರು 100 ಕಿಲೋಮೀಟರಿಗೆ ಮೇಲೆ ಆಮ್ಲಜನಕವು ಹಸುರಾಗಿಯೂ, ಇನ್ನೂ ಎತ್ತರದಲ್ಲಿ ಕೆಂಪಾಗಿಯೂ ಬೆಳಗುತ್ತದೆ. ಅದೇ ವರ್ಷದ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿಯೂ, ಬೆಂಗಳೂರಿನ ಖಭೌತ ಸಂಸ್ಥೆಯವರ ವೀಕ್ಷಣಾಲಯವಿರುವ ಕಡೆ, ಕೆಂಪು ಪ್ರಭೆಯು ಕಂಡಿತು. ಆದರೆ ಅಂಥ ರಾತ್ರಿ ಅಪರೂಪ; ಅದನ್ನು ನಂಬಿ ಕುಳಿತಿರಲಾಗದು. ಉತ್ತರದ ನಾಡಿನಲ್ಲಿಯೂ ಬೇಸಗೆಯಲ್ಲಿ ಸೂರ್ಯನು ಮುಳುಗದಿರುವುದರಿಂದ ಪ್ರಭೆ ಕಾಣದು. ಸೆಪ್ಟೆಂಬರಿನಲ್ಲಿ ಕತ್ತಲೆ ಮರಳಿರುತ್ತದೆ. ಹಾದಿಗೆ ಹಿಮವಿನ್ನೂ ಮುಸುಕಿರುವುದಿಲ್ಲ.

ಅಲ್ಲಿ ‘ಅರಸನ ಹಾದಿ’ ಎಂಬರ್ಥದ ಕುಂಗ್ಸ್‌ಲೇಡೆನ್ ಎಂಬ ಕಾಲುದಾರಿಯುಂಟು. ಉದ್ದ ಸುಮಾರು 440 ಕಿಲೋಮೀಟರು. ನಾವು ನಿಕ್ಕಲುವೊಕ್ತಾ ಗ್ರಾಮದಿಂದ ಹೊರಟು ನಡುವೆ ಅದನ್ನು ಕೂಡಿ, ಅದರ ಉತ್ತರದ ತುದಿಯಾದ ಅಬಿಸ್ಕೋವಿಗೆ ಏಳು ದಿನಗಳಲ್ಲಿ ಸುಮಾರು 105 ಕಿಲೋಮೀಟರು ನಡೆದೆವು. ಸುತ್ತಣ ಬೆಟ್ಟಗಳು ಮೋಡವನ್ನು ತಡೆಯುವುದರಿಂದ ಅಬಿಸ್ಕೋವಿನಲ್ಲಿ ವರ್ಷಕ್ಕೆ ಸುಮಾರು 300 ಮಿಲಿಮೀಟರು ಮಾತ್ರ ಮಳೆ. ನಮ್ಮ ಆಸೆಯೆಲ್ಲ ಆ ಕಡೆಯ ರಾತ್ರಿಯ ಮೇಲಿತ್ತು.

ದಾರಿಯ ತಂಗುಮನೆಗಳಲ್ಲಿ ತೊರೆಯಿಂದ ನೀರು ತರುವುದೂ ಸೌದೆ ಸೀಳುವುದೂ ಬಂದವರದೇ ಕೆಲಸ. ರಾತ್ರಿ ಸರದಿಯಂತೆ ಎದ್ದು ಹೊರಗೆ ನೋಡುವೆವು, ಬರಿಯ ಮೋಡ. ನಾಲ್ಕನೆಯ ದಿನ, 1,150 ಮೀಟರು ಎತ್ತರದ ಚೆಕ್ತ್ಯಾ ಘಟ್ಟವನ್ನು ಮಳೆಯಲ್ಲಿ ಏರುವಾಗ ಮನೆಯವರ ಮೊಣಕಾಲು ಊದಿತು. ಬಂಡೆಯ ಮೇಲೆ ಕುಳಿತು ಅವರೆಂದರು: “ನೋಡಿ, ಆಕಾಶಕ್ಕೆ ಸಾಲ ಕೊಟ್ಟವರ ಹಾಗೆ ನಡೆಯುತ್ತಿದ್ದೇವೆ. ಹಗಲಿನಲ್ಲಿ ಕಾಣುವುದನ್ನು ನೋಡುವುದು ಯಾವಾಗ?” ಮಾತು ನಮಗೆ ನಾಟಿತು. ಕೆಂಪೇರಿದ ಕುಳ್ಳು ಭೂರ್ಜದ ಪೊದೆಗಳನ್ನೂ ಹಾದಿ ದಾಟುತ್ತಿದ್ದ ಹಿಮಸಾರಂಗಗಳನ್ನೂ ನಾವು ಕಣ್ತುಂಬ ನೋಡಿದ್ದು ಅಲ್ಲಿಂದಾಚೆಗೇ.

ಆರನೆಯ ರಾತ್ರಿ ಅಬಿಸ್ಕೋಯೌರೆ ಸರೋವರದ ಬಳಿ ತಂಗಿದ್ದೆವು. ನಡುರಾತ್ರಿ ಹೊರಗೆ ಬಂದಾಗ ಹೊಗೆಯಂಥ ನಸುಬಿಳಿಯ ಪಟ್ಟಿಯೊಂದು ಆಕಾಶದಲ್ಲಿ ಹರಡಿತ್ತು. ಮರುದಿನ ಇನ್ನೂ 15 ಕಿಲೋಮೀಟರು ನಡೆಯಬೇಕು; ನೋಯುವ ಕಾಲಿನವರನ್ನು ಎಬ್ಬಿಸುವುದೇ ಎಂದು ಕ್ಷಣಕಾಲ ಹಿಂಜರಿದು, ಕಡೆಗೆ ಎಬ್ಬಿಸಿದೆವು. ಮೆಟ್ಟಿಲು ಕಾಣದ ಅವರನ್ನು ಕೈಹಿಡಿದು ಕರೆತಂದೆವು.

“ಏನೂ ಕಾಣುತ್ತಿಲ್ಲವಲ್ಲ,” ಎಂದರು. ನಾವು ಉತ್ತರಿಸಲಾರದೆ ನಿಂತೆವು. ಹತ್ತು ನಿಮಿಷ ಕಳೆದಿರಬೇಕು. ಪಟ್ಟಿಯು ಹಸುರಾಗಿ ಉಜ್ವಲಿಸಿ, ಒಣಹಾಕಿದ ಸೀರೆ ಗಾಳಿಗೆ ಅಲುಗಿದಂತೆ ಅಲುಗಿತು. ಅವರ ಕೈ ನಮ್ಮ ಕೈಯನ್ನು ಬಿಗಿಯಾಗಿ ಒತ್ತಿತು. “ಕಂಡಿತು,” ಎಂದರು. ಕಾಲು ಗಂಟೆಯಲ್ಲಿ ಮೋಡ ಮುಚ್ಚಿತು. ನಾವು ನಂಬಿದ್ದ ಅಬಿಸ್ಕೋವಿನ ರಾತ್ರಿ ಇಡೀ ಮಳೆಯಾಯಿತು!

ವಾಚಕರಲ್ಲಿ ಯಾರಾದರೂ ಹೊರಡುವುದಾದರೆ ಬೆಳದಿಂಗಳಿಲ್ಲದ ಒಂದು ವಾರವನ್ನು ಆರಿಸಿಕೊಳ್ಳಲಿ. ಬೆಚ್ಚನೆಯ ಉಡುಪನ್ನು ಮರೆಯದಿರಲಿ. ಹಗಲಿನ ಹಾದಿಗಾಗಿಯೇ ನಡೆಯಲಿ. ಬೆಳಕು ಕಂಡರೆ ಅದು ಲಾಭ. ಕಂಡಾಗ ಮಾತ್ರ, ಮಲಗಿದವರ ನಿದ್ದೆ ಕೆಡುವುದೆಂದು ಸಂಕೋಚಪಡದೆ ಅವರನ್ನು ಎಬ್ಬಿಸಲಿ.