ಬೋರ್ಡು ಎದುರಿಗೆ ನಿಂತವರಿಗಷ್ಟೇ ಅಲ್ಲ

ಬಸ್ಸಿನ ಹಣೆಯ ಮೇಲೆ ಊರಿನ ಹೆಸರು, ರೈಲು ನಿಲ್ದಾಣದಲ್ಲಿ ಬೋಗಿಯ ನಂಬರು, ದೊಡ್ಡ ಸಭೆಗಳಲ್ಲಿ ಗೋಡೆಯಷ್ಟು ಪರದೆ. ಈಗ ಎಲ್ಲೆಲ್ಲೂ ಎಲ್‌ಇಡಿ. ನಮ್ಮ ನಿಡಗುಂದಿಯಂಥ ತಾಲ್ಲೂಕು ಊರುಗಳಲ್ಲಿ ಇಂಥದ್ದೊಂದು ಹಾಕುವಾಗ ಎಷ್ಟು ಅಡಿ, ಎಷ್ಟು ರೂಪಾಯಿ ಎಂಬ ಲೆಕ್ಕವೇ ಮುಂದೆ ಬರುತ್ತದೆ. ಎಲ್ಲಿ ನಿಂತವರಿಗೆ ಕಾಣುತ್ತದೆ ಎಂಬುದನ್ನು ಮೊದಲು ಕೇಳಬೇಕು ಎಂಬುದು ನಮ್ಮ ಮಾತು.

ಕೈಯಲ್ಲಿರುವ ಮೊಬೈಲನ್ನೇ ನಿಧಾನಕ್ಕೆ ಓರೆ ಮಾಡಿ ನೋಡಿ. ಅಕ್ಷರಗಳು ಸಣಕಲಾಗುತ್ತ ಹೋಗುತ್ತವೆ. 60 ಡಿಗ್ರಿ ಓರೆಯಾದರೆ ಅಕ್ಷರದ ಅಗಲ ಅರ್ಧಕ್ಕೆ ಇಳಿಯುತ್ತದೆ. 70 ಡಿಗ್ರಿಗೆ ಮೂರನೇ ಒಂದು ಪಾಲು ಮಾತ್ರ ಉಳಿಯುತ್ತದೆ.

ಬೆಳಕಿನ ಲೆಕ್ಕ ಬೇರೆ. ಕಂಪನಿಯವರು ‘ನೋಟದ ಕೋನ 140 ಡಿಗ್ರಿ’ ಎಂದು ಬರೆದರೆ, ನಟ್ಟನಡುವಿನಿಂದ ಎಡಕ್ಕೆ 70, ಬಲಕ್ಕೆ 70 ಎಂದರ್ಥ. ಆ ತುದಿಗೆ ಹೋಗುವಷ್ಟರಲ್ಲಿ ಬೆಳಕು ಸಾಮಾನ್ಯವಾಗಿ ಎದುರಿನದರ ಅರ್ಧಕ್ಕೆ ಬಂದಿರುತ್ತದೆ. ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನದ ಬಿಸಿಲಿನಲ್ಲಿ ಅದು ಸಾಲದು.

ಎತ್ತರದ್ದೂ ಇದೇ ಕಥೆ. ನಿಂತವರ ಕಣ್ಣಿಗಿಂತ 10 ಅಡಿ ಮೇಲೆ ಬೋರ್ಡು ನೆಟ್ಟಗೆ ಹಾಕಿದರೆ, 30 ಅಡಿ ದೂರದವರಿಗೆ ತೊಂದರೆಯಿಲ್ಲ. ಅವರ ನೋಟ 20 ಡಿಗ್ರಿಯೂ ಓರೆಯಾಗದು. 6 ಅಡಿ ಹತ್ತಿರ ನಿಂತವರಿಗೆ ಸುಮಾರು 60 ಡಿಗ್ರಿ ಓರೆ. ಅಕ್ಷರದ ಎತ್ತರ ಅರ್ಧವಾಗಿ ‘ಆಲಮಟ್ಟಿ’ಯ ಒತ್ತು, ‘ಮುದ್ದೇಬಿಹಾಳ’ದ ಒತ್ತು ಮೇಲಿನ ಅಕ್ಷರಕ್ಕೇ ಅಂಟಿಕೊಂಡಂತೆ ಕಾಣುತ್ತವೆ. ಬೋರ್ಡನ್ನು ಸ್ವಲ್ಪ ಕೆಳಮುಖವಾಗಿ ಬಾಗಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ.

ಇದು ಬರೀ ತಾಂತ್ರಿಕ ವಿಷಯವಲ್ಲ. ಸಭೆಯಲ್ಲಿ ಪರದೆಯ ನೇರಕ್ಕೆ ಗಣ್ಯರ ಕುರ್ಚಿ ಇರುತ್ತದೆ. ಹೆಣ್ಣುಮಕ್ಕಳು, ಮುದುಕರು ಬದಿಗೆ ಕೂತಿರುತ್ತಾರೆ. ಬಸ್ ನಿಲ್ದಾಣದಲ್ಲಿ ಗಂಟು ಇಟ್ಟುಕೊಂಡು ಗೋಡೆಗೆ ಒರಗಿದ ಅಜ್ಜಿ ಬೋರ್ಡಿನ ಎದುರಿಗೆ ಓಡಿ ಬರಲಾರಳು. ಆಕೆಗೆ ಕಾಣದ ಬೋರ್ಡು ಸಾರ್ವಜನಿಕರದ್ದು ಹೇಗಾದೀತು?

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಬಿಲ್ ಪಾಸು ಮಾಡುವ ಮುನ್ನ ಮಟಮಟ ಮಧ್ಯಾಹ್ನ ಬೋರ್ಡು ಹಚ್ಚಿಸಿ. ಜನ ನಿಲ್ಲುವ, ಕೂರುವ ಎರಡೂ ಬದಿಗಳಿಂದ, ಬೋರ್ಡಿನ ಬುಡದಿಂದ ಒಬ್ಬ ಹಿರಿಯರಿಂದ ಓದಿಸಿ. ತಡವರಿಸಿದರೆ ಬಾಗಿಸಿ, ಜಾಗ ಬದಲಿಸಿ, ಇಲ್ಲವೇ ಬದಿಯವರಿಗೆ ಇನ್ನೊಂದು ಸಣ್ಣ ಬೋರ್ಡು ಹಾಕಿ. ಟೆಂಡರಿನಲ್ಲೇ ಈ ಮಾತು ಬರೆಯಿಸಿ.

ನಿಮ್ಮೂರಿನಲ್ಲಿ ಹೊಸ ಬೋರ್ಡು ಬರುವುದಿದ್ದರೆ ಇದನ್ನು ಈಗಲೇ ಕೇಳಿ. ಗೋಡೆಗೆ ಕೂತ ಮೇಲೆ ಅದನ್ನು ತಿರುಗಿಸುವವರು ಸಿಗುವುದು ಕಷ್ಟ.