ಕರೆಂಟ್ ಅರ್ಜಿಗೆ ದಿನಗಳ ಲೆಕ್ಕ ಎಲ್ಲಿಂದ?

ಗಲ್ಫ್‌ನಲ್ಲಿ ದುಡಿಯುವ ನಾವು ಊರಿಗೆ ಕಳಿಸುವ ಹಣದ ದೊಡ್ಡ ಪಾಲು ಮನೆ ಕಟ್ಟಲು ಹೋಗುತ್ತದೆ. ನಮ್ಮ ರಜೆ ನೋಡಿಕೊಂಡು ಗೃಹಪ್ರವೇಶದ ದಿನ ಗೊತ್ತುಮಾಡುತ್ತೇವೆ. ಆದರೆ ಮನೆಗೆ ಮೀಟರ್ ಬರುವ ದಿನ ನಮ್ಮ ಕೈಯಲ್ಲಿಲ್ಲ. ಅರ್ಜಿ ಹಿಡಿದು ಸೆಕ್ಷನ್ ಆಫೀಸಿಗೆ ಅಲೆಯುವವರು ಊರಿನಲ್ಲಿರುವ ವಯಸ್ಸಾದ ತಂದೆ, ಇಲ್ಲವೇ ಮಕ್ಕಳನ್ನು ಶಾಲೆಗೆ ಕಳಿಸಿ ಹೊರಡುವ ಹೆಂಡತಿ.

ನಾವು ಕೆಲಸ ಮಾಡುವ ಸೌದಿಯಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ. ಗ್ರಾಹಕ ಶುಲ್ಕ ಕಟ್ಟಿದ ಮೇಲೆ ಇಪ್ಪತ್ತು ಕೆಲಸದ ದಿನಗಳೊಳಗೆ ಸಂಪರ್ಕ ಕೊಡಬೇಕೆಂದು ಇಲ್ಲಿನ ವಿದ್ಯುತ್ ನಿಯಂತ್ರಣ ಪ್ರಾಧಿಕಾರ ನಿಗದಿಪಡಿಸಿದೆ. ತಪ್ಪಿದರೆ ಕಂಪನಿ 400 ರಿಯಾಲ್ ಪರಿಹಾರ ಕೊಡಬೇಕು, ಮುಂದಿನ ಪ್ರತಿ ದಿನಕ್ಕೆ ಇನ್ನೂ 20 ರಿಯಾಲ್. ಇದಕ್ಕಾಗಿ ಗ್ರಾಹಕ ದೂರು ಕೊಡಬೇಕಾಗಿಲ್ಲ. ಇಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳುತ್ತಿಲ್ಲ. ಆದರೆ ತಡವಾದರೆ ನಷ್ಟ ಯಾರಿಗೆ ಎಂಬುದು ಮೊದಲೇ ತೀರ್ಮಾನವಾಗಿದೆ.

ನಮ್ಮ ದೇಶದ ಕಾನೂನೇನೂ ದುರ್ಬಲವಲ್ಲ. 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ಒಂದು ತಿಂಗಳ ಗಡುವು ಹಾಕಿ, ತಪ್ಪಿದರೆ ದಿನಕ್ಕೆ 1000 ರೂಪಾಯಿವರೆಗೆ ದಂಡ ಎಂದಿತು. 2020ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳು ಬಂದವು. 2024ರ ತಿದ್ದುಪಡಿಯ ಬಳಿಕ ಮಹಾನಗರಗಳಲ್ಲಿ 3 ದಿನ, ಇತರ ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನ, ಗುಡ್ಡಗಾಡಿನ ಹಳ್ಳಿಗಳಲ್ಲಿ 30 ದಿನ. ತಾನಾಗಿಯೇ ಪರಿಹಾರ ಸಿಗಬೇಕೆಂಬ ಮಾತೂ ಆ ನಿಯಮಗಳಲ್ಲಿದೆ.

ಹಾಗಾದರೆ ಅಲೆದಾಟ ಏಕೆ? ಗಡುವು ಎಣಿಸುವುದು ಅರ್ಜಿ 'ಎಲ್ಲ ರೀತಿಯಲ್ಲೂ ಪೂರ್ಣ' ಆದ ಮೇಲೆ. ಪೂರ್ಣವಾಯಿತೇ ಎಂದು ಹೇಳುವವರು ಕಚೇರಿಯವರೇ. ಇವತ್ತು ಒಂದು ಕಾಗದ ಕಡಿಮೆ, ಮುಂದಿನ ವಾರ ಇನ್ನೊಂದು. ನಮ್ಮ ಲೆಕ್ಕಪತ್ರದ ಕೆಲಸದಲ್ಲೂ ಅಷ್ಟೆ: ಇನ್‌ವರ್ಡ್ ರಿಜಿಸ್ಟರಿಗೆ ಹತ್ತದ ಬಿಲ್ಲು ಯಾವ ಬಾಕಿ ಪಟ್ಟಿಯಲ್ಲೂ ಕಾಣುವುದಿಲ್ಲ. ಬಾಯಿಮಾತಿನಲ್ಲಿ ವಾಪಸಾದ ಅರ್ಜಿ ವಿಳಂಬದ ಲೆಕ್ಕಕ್ಕೇ ಬರುವುದಿಲ್ಲ.

ಸ್ವಾಧೀನಾನುಭವ ಪ್ರಮಾಣಪತ್ರದ, ಅಂದರೆ ಒಸಿಯ, ವಿಚಾರವನ್ನೇ ನೋಡಿ. ಇದಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು ಕೊಡಬಾರದೆಂದು 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿತು. ಅಕ್ರಮ ಕಟ್ಟಡ ತಡೆಯುವ ಆ ಉದ್ದೇಶ ಸರಿಯಾದದ್ದೇ. ಆದರೆ 2025ರಲ್ಲಿ ಎಸ್ಕಾಂಗಳು ಅದನ್ನು ಜಾರಿಗೆ ತಂದಾಗ, ಗೋಡೆ ಎದ್ದು ಬಣ್ಣ ಬಳಿದಿದ್ದ ಮನೆಗಳೂ ಸಿಕ್ಕಿಹಾಕಿಕೊಂಡವು. ಕೊನೆಗೆ 1200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬೇಕಾಯಿತು. ಅಡಿಪಾಯ ಹಾಕುವಾಗಲೇ ತಿಳಿಯಬೇಕಾದ ಷರತ್ತು ಮೀಟರ್ ಕೇಳುವಾಗ ತಿಳಿದರೆ ಸಾಲದ ಕಂತು ಕಟ್ಟುವವರ ಗತಿಯೇನು?

ಆದ್ದರಿಂದ ಗಡುವನ್ನು ಇನ್ನೂ ಕಡಿಮೆ ಮಾಡಿ ಎಂದು ನಾವು ಕೇಳುತ್ತಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಕಟ್ಟುನಿಟ್ಟಾಗಿ ಜಾರಿಗೊಳಿಸಬೇಕಾದದ್ದು ಮೂರು. ಅರ್ಜಿಯಲ್ಲಿ ಕೊರತೆಯಿದ್ದರೆ ಎಲ್ಲವನ್ನೂ ಒಂದೇ ಸಲ, ಬರವಣಿಗೆಯಲ್ಲಿ, ಇಂತಿಷ್ಟು ದಿನದೊಳಗೆ ತಿಳಿಸಬೇಕು. ಇಲ್ಲವಾದರೆ ಅರ್ಜಿ ಪೂರ್ಣವೆಂದೇ ಲೆಕ್ಕ. ವಾಪಸ್ ಕಳಿಸಿದ ಅರ್ಜಿಗಳ ಸಂಖ್ಯೆ ಮತ್ತು ಕಾರಣವನ್ನು ಪ್ರತಿ ಎಸ್ಕಾಂ ಪ್ರಕಟಿಸಬೇಕು. ತಡವಾದರೆ ಪರಿಹಾರ ಮೊದಲ ಬಿಲ್ಲಿನಲ್ಲೇ ಕಳೆದು ಬರಬೇಕು.

ಅಲ್ಲಿಯವರೆಗೆ ಊರಿನಲ್ಲಿರುವ ಮನೆಯವರು ಒಂದು ಮಾತು ನೆನಪಿಡಿ: ನೋಂದಣಿ ಸಂಖ್ಯೆ ಪಡೆಯದೆ ಕೌಂಟರ್ ಬಿಟ್ಟು ಬರಬೇಡಿ. ಕಾಗದದ ಅರ್ಜಿಗೂ ಆ ಸಂಖ್ಯೆ ಕೊಡಬೇಕೆಂದು ನಿಯಮವಿದೆ. 'ಆಗುವುದಿಲ್ಲ' ಎಂದರೆ ಅದನ್ನು ಬರೆದು ಕೊಡುವಂತೆ ಕೇಳಿ. ಉತ್ತರ ಬಾರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಇನ್ನೂ ಪ್ಲಾನ್ ಹಂತದಲ್ಲಿರುವವರು ಒಸಿ ಬೇಕೇ ಎಂದು ಈಗಲೇ ವಿಚಾರಿಸಿ. ಹಣ ಇಲ್ಲಿಂದ ಕಳಿಸಬಹುದು, ಕಾಗದದ ಮೇಲಿನ ತಾರೀಖನ್ನು ಮಾತ್ರ ಅಲ್ಲಿಯೇ ಪಡೆಯಬೇಕು.